ಖಾಲಿ ಪುಟ ಲಗತ್ತಿಸಲಾಗಿದೆ

ಗಂಡ ಸತ್ತದ್ದನ್ನು ಇನ್ನೂರು ಕೆಬಿಯೊಳಗೆ ಹೇಳಿ ಮುಗಿಸಬೇಕಿತ್ತು. ಒಂದು ಕೆಬಿ ಹೆಚ್ಚಾದರೂ ಅವನು ಸತ್ತಿಲ್ಲ.

ಅರ್ಜಿಯಲ್ಲಿ ಹಾಗೆ ಬರೆದಿರಲಿಲ್ಲ. ಅರ್ಜಿಯ ಮಾತು ಬಹಳ ಮರ್ಯಾದೆಯದು. ದಯವಿಟ್ಟು ಗಮನಿಸಿ: ದಾಖಲೆ ಪಿಡಿಎಫ್ ರೂಪದಲ್ಲಿರತಕ್ಕದ್ದು. ದಯವಿಟ್ಟು ಗಮನಿಸಿ: ನಾಲ್ಕೂ ಅಂಚು ಕಾಣತಕ್ಕದ್ದು. ದಯವಿಟ್ಟು ಗಮನಿಸಿ: ನೆರಳು, ಅನ್ಯ ವಸ್ತು ಇರತಕ್ಕದ್ದಲ್ಲ. ಗಮನಿಸಬೇಕಾದವಳು ಅರ್ಜಿ ಹಾಕುವವಳು. ಅವಳನ್ನು ಗಮನಿಸುವ ದಯೆ ಮಾತ್ರ ಯಾರಿಗೂ ಇರಲಿಲ್ಲ. ಯೋಜನೆಯ ಹೆಸರು ಅನುಕಂಪದ ನೌಕರಿ. ಅನುಕಂಪಕ್ಕೂ ತೂಕದ ಮಿತಿ ಇತ್ತು.

ಅವಳು ಅದೇ ಕಚೇರಿಯ ನೆಲ ಒರೆಸುವವಳು. ಗುತ್ತಿಗೆಯ ಆಳು. ಆರು ವರ್ಷದಿಂದ ಬೆಳಗ್ಗೆ ಆರಕ್ಕೆ ಬಂದು, ನಾಲ್ಕು ಮಹಡಿ ಗುಡಿಸಿ, ಒರೆಸಿ, ಹನ್ನೊಂದು ಕಕ್ಕಸು ತೊಳೆದು, ಮೇಜು, ಕಂಪ್ಯೂಟರು, ಸ್ಕ್ಯಾನರಿನ ಗಾಜು ಎಲ್ಲ ಉಜ್ಜಿಡುತ್ತಿದ್ದಳು. ಹತ್ತು ಗಂಟೆಗೆ ಬರುವವರಿಗೆ ಕಚೇರಿ ತನ್ನಷ್ಟಕ್ಕೆ ತಾನೇ ಹೊಳೆಯುತ್ತದೆ ಅನ್ನಿಸುತ್ತಿತ್ತು. ಅವಳ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ. ಅವಳು ಬರುವ ಮೊದಲು ವಾಸನೆ ಬರುತ್ತಿತ್ತು. ಹಾಗಾಗಿ ಫಿನಾಯಿಲಮ್ಮ. ಹೆಸರಿಟ್ಟವನು ಮೊದಲನೇ ಮಹಡಿಯ ಗುಮಾಸ್ತ, ಆನ್‌ಲೈನ್ ಅರ್ಜಿಗಳನ್ನು ನೋಡಿ ಹೂಂ ಅಥವಾ ಊಹೂಂ ಅನ್ನುವವನು. ಅವನಿಗೆ ಅವಳ ಮಗಳು ಅಪ್‌ಲೋಡಪ್ಪ ಎಂದು ಹೆಸರಿಟ್ಟಿದ್ದಳು. ಅದು ಅವನಿಗೆ ಗೊತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಸರಿಗೆ ಸರಿ.

ಗಂಡ ಅದೇ ಇಲಾಖೆಯ ಇನ್ನೊಂದು ತುದಿಯಲ್ಲಿದ್ದ. ಮೇಲಿನದನ್ನು ಇವಳು ತೊಳೆಯುತ್ತಿದ್ದಳು. ತೊಳೆದದ್ದು ಹೋಗಿ ಬೀಳುವ ಕಡೆ ಅವನು. ಮಲದ ಗುಂಡಿ. ಹದಿನೆಂಟು ವರ್ಷ ದಿನಗೂಲಿಯಾಗಿ ಇಳಿದ. ಆಮೇಲೆ ಖಾಯಂ ಆಯಿತು. ಖಾಯಂ ಆದ ಎರಡನೇ ವರ್ಷ ಇಳಿದವನು ಮೇಲೆ ಬರಲಿಲ್ಲ. ಅದೂ ಖಾಯಂ ಆಯಿತು.

ಕೆಲಸದ ಮೇಲೆ ಸತ್ತರೆ ಹೆಂಡತಿಗೆ ಇಲಾಖೆಯಲ್ಲಿ ಖಾಯಂ ಕೆಲಸ. ಒಂದು ವರ್ಷದೊಳಗೆ ಅರ್ಜಿ. ಇದು ನಿಯಮ. ಆದರೆ ಇಲಾಖೆ ಹೇಳಿದ್ದೇ ಬೇರೆ. ಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು ನಾವು ನಿಲ್ಲಿಸಿ ಎಷ್ಟೋ ವರ್ಷವಾಯಿತು, ಈಗ ಎಲ್ಲ ಮಷಿನ್ನೇ. ಇಳಿಸುವುದೇ ಇಲ್ಲ ಎಂದ ಮೇಲೆ ಕೆಲಸಕ್ಕೆಂದು ಇಳಿದವನು ಎಲ್ಲಿಂದ ಬಂದ? ಕುಡಿದು ಬಿದ್ದಿರಬೇಕು. ವರದಿಯಲ್ಲಿ ಹಾಗೇ ಬರೆದರು. ಮೇಸ್ತ್ರಿ ಸಾಕ್ಷಿ ಹಾಕಿದ.

ಅವನು ಕುಡಿಯುತ್ತಿದ್ದದ್ದು ನಿಜ. ಕುಡಿಯದೆ ಆ ಗುಂಡಿಗೆ ಇಳಿದವರನ್ನು ಯಾರಾದರೂ ತೋರಿಸಲಿ. ಆದರೆ ಅವನು ಬಿದ್ದಿರಲಿಲ್ಲ. ಇಳಿದಿದ್ದ. ಸೊಂಟದಲ್ಲಿ ಹಗ್ಗವಿತ್ತು. ಕುಡಿದು ಬೀಳುವವನು ಹಗ್ಗ ಕಟ್ಟಿಕೊಂಡು ಬೀಳುತ್ತಾನೆಯೇ?

ಸುಳ್ಳಿಗೆ ಇಲಾಖೆಯ ಸೀಲಿತ್ತು. ನಿಜಕ್ಕೆ ಇದ್ದದ್ದು ಒಂದು ರಟ್ಟಿನ ಚೂರು.

ಮೇಸ್ತ್ರಿಯ ಪದ್ಧತಿ ಹಾಗಿತ್ತು. ಬೆಳಗ್ಗೆ ಆಳಿಗೊಂದು ರಟ್ಟಿನ ಚೀಟಿ, ಅಂಗೈಯಷ್ಟಗಲ. ಯಾವ ಬೀದಿ, ಯಾವ ಗುಂಡಿ, ಎಷ್ಟು ಗಂಟೆಯೊಳಗೆ, ಕೆಳಗೊಂದು ಸಹಿ. ಎಲ್ಲ ಪೆನ್ಸಿಲಿನಲ್ಲಿ. ಸಂಜೆ ಚೀಟಿ ವಾಪಸು ಕೊಟ್ಟರೇ ಹಾಜರಿ. ವಾಪಸು ಬಂದದ್ದನ್ನು ಅವನು ರಬ್ಬರಿನಿಂದ ಗಸಗಸ ಉಜ್ಜಿ, ಉಫ್ ಎಂದು ಊದಿ, ಮರುದಿನ ಅದರ ಮೇಲೇ ಬರೆಯುತ್ತಿದ್ದ. ‘ಪೆನ್ಸಿಲ್ ಯಾಕೆ ಮೇಸ್ತ್ರಿ?’ ಎಂದು ಗಂಡ ಒಮ್ಮೆ ಕೇಳಿದ್ದನಂತೆ. ‘ರಟ್ಟು ಉಳಿಯತ್ತೆ ಕಣೋ’ ಎಂದಿದ್ದನಂತೆ. ಉಳಿಯುತ್ತಿದ್ದದ್ದು ರಟ್ಟಲ್ಲ, ಮೇಸ್ತ್ರಿ. ಬೆಳಗ್ಗೆ ಒಬ್ಬ ಮನುಷ್ಯ ಗುಂಡಿಗೆ ಇಳಿದ ಗುರುತು ಸಂಜೆಗೆಲ್ಲ ರಬ್ಬರಿನ ಪುಡಿ.

ಆ ದಿನದ ಚೀಟಿ ಮಾತ್ರ ವಾಪಸು ಹೋಗಲಿಲ್ಲ. ಕೊಡಬೇಕಾದವನು ಶವಾಗಾರದಲ್ಲಿದ್ದ. ತೊಳೆಯಲು ಅಲ್ಲಿ ಯಾರೂ ಮುಂದೆ ಬರಲಿಲ್ಲ. ಪೈಪು ಅವಳ ಕೈಗೆ ಕೊಟ್ಟು ಬಾಗಿಲ ಹೊರಗೆ ನಿಂತರು. ಅವಳೇ ತೊಳೆದಳು. ಕಿವಿ, ಮೂಗು, ಬಾಯಿ. ಊರಿನ ಹೊಟ್ಟೆಯಲ್ಲಿದ್ದದ್ದೆಲ್ಲ ಅವನ ಬಾಯಲ್ಲಿತ್ತು. ಬೆರಳು ಹಾಕಿ ತೆಗೆದಳು. ಅಂಗಿ ಬಿಚ್ಚುವಾಗ ಜೇಬಿನಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿತು. ಶಾಯಿಯಲ್ಲಿ ಬರೆದಿದ್ದರೆ ಕರಗಿಹೋಗುತ್ತಿತ್ತು. ಪೆನ್ಸಿಲು ಕರಗಿರಲಿಲ್ಲ.

ಅರ್ಜಿಗೆ ಏಳು ದಾಖಲೆ ಬೇಕಿತ್ತು. ಆರು ಸಲೀಸಾಗಿ ಆದವು. ಅವು ಬಿಳಿ ಕಾಗದ, ಕಪ್ಪು ಅಕ್ಷರ. ಏಳನೆಯದು, ‘ಮೃತರು ಕರ್ತವ್ಯದಲ್ಲಿದ್ದರು ಎಂಬುದಕ್ಕೆ ಪುರಾವೆ’. ಅದೇ ರಟ್ಟು.

ಮನೆಯೊಳಗೆ ಬೆಳಕಿಲ್ಲ. ಇರುವುದೊಂದು ಕೋಣೆ. ಕಿಟಕಿ ತೆರೆದರೆ ಪಕ್ಕದವರ ಗೋಡೆ. ಮಗಳಿಗೆ ಔಷಧಿ ಡಬ್ಬಿ ಮಡಚುವ ಕಾರ್ಖಾನೆಯಲ್ಲಿ ಕೆಲಸ. ಅವಳ ರಜೆಯ ದಿನ ನಡುಮಧ್ಯಾಹ್ನ ಇಬ್ಬರೂ ತಾರಸಿ ಹತ್ತಿದರು. ನೆಲದ ಮೇಲೆ ರಟ್ಟು. ಮಗಳ ಕೈಯಲ್ಲಿ ಫೋನು.

‘ಅಮ್ಮಾ, ನಿನ್ನ ನೆರಳು.’

ಬಗ್ಗಿದಳು.

‘ತಲೆ ನೆರಳು ಬರ್ತಿದೆ.’

ಕೂತಳು.

‘ಇನ್ನೂ ಬರ್ತಿದೆ. ನೀನು ದೂರ ಹೋಗು.’

‘ದೂರ ಹೋದ್ರೆ ಇದನ್ನ ಹಿಡಿಯೋರ್ಯಾರೇ?’

ರಟ್ಟು ನೆನೆದು ಒಣಗಿ ದೋಣಿಯ ಹಾಗೆ ಸೊಟ್ಟಗಾಗಿತ್ತು. ಬಿಟ್ಟರೆ ಅಂಚು ಮೇಲೇಳುತ್ತಿತ್ತು. ಕೊನೆಗೆ ಅವಳು ಕಾದ ಸಿಮೆಂಟಿನ ಮೇಲೆ ಬೋರಲು ಮಲಗಿದಳು. ಗಲ್ಲ ನೆಲಕ್ಕೆ. ಎರಡೂ ಕೈ ಮುಂದಕ್ಕೆ. ಹೆಬ್ಬೆರಳಿಂದ ಎರಡು ಮೂಲೆ, ಕಿರುಬೆರಳಿಂದ ಎರಡು ಮೂಲೆ. ಮೊಣಕೈ ಚುರುಚುರು ಸುಟ್ಟಿತು.

‘ಉಸಿರು ಬಿಡಬೇಡಮ್ಮ. ಅಲ್ಲಾಡ್ತಿದೆ.’

ಉಸಿರು ಹಿಡಿದಳು. ಅವನೂ ಹೀಗೇ ಹಿಡಿದಿರಬೇಕು ಅನ್ನಿಸಿತು. ಅದರ ಬೆನ್ನಿಗೇ ಎಂದಿನ ಸಿಟ್ಟು ಬಂತು. ಅವನ ಮೇಲಿನ ಸಿಟ್ಟು. ಹಿಂದಿನ ದಿನವೇ ಹೇಳಿದ್ದಳು, ಆ ಶಾಲೆ ಹಿಂದಿನದು ಕೆಟ್ಟ ಗುಂಡಿ, ಜಿರಳೆ ಕೂಡ ಸತ್ತು ತೇಲುತ್ತೆ ಅಂತ ನೀನೇ ಅಂತೀಯ, ಇಳಿಯಬೇಡ. ಹೂಂ ಎಂದಿದ್ದ. ಹೂಂ ಎಂದವನು ಇಳಿದ. ಇಲ್ಲ ಅನ್ನೋದಕ್ಕೆ ಬಾಯಿರಲಿಲ್ವಾ ನಿಂಗೆ? ದಿನಕ್ಕೆ ಹತ್ತು ಸಲ ಅವನನ್ನು ಹೀಗೆ ಬೈಯುತ್ತಿದ್ದಳು. ಸತ್ತವನಿಗೆ ಬೈಗುಳ ತಟ್ಟುವುದಿಲ್ಲ. ಬೈದವಳಿಗೇ ತಟ್ಟುತ್ತದೆ.

‘ಬಂತು!’ ಎಂದಳು ಮಗಳು.

ಫೋನಿನಲ್ಲಿ ಕಂದು ರಟ್ಟು, ಅದರ ಮೇಲೆ ಬೂದಿ ಬಣ್ಣದ ಗೀಚು. ಕಣ್ಣು ಕಿರಿದು ಮಾಡಿದರೆ ಓದಬಹುದಿತ್ತು. ‘ಶಾಲೆ ಹಿಂದಿನ ಗುಂಡಿ. ಹನ್ನೊಂದರೊಳಗೆ. ಮಷಿನ್ ಬರಲ್ಲ. ಇಳಿದು ತೆಗಿ.’ ಅದರ ಕೆಳಗೆ ಕಲೆ ದಟ್ಟ. ಇನ್ನೊಂದು ಸಾಲು ಇದ್ದ ಹಾಗಿತ್ತು. ಏನೆಂದು ತಿಳಿಯುತ್ತಿರಲಿಲ್ಲ. ಅಂಚಿನಲ್ಲಿ ಮೇಸ್ತ್ರಿಯ ಸಹಿ.

‘ಇನ್ನು ಪಿಡಿಎಫ್ ಮಾಡಿದ್ರೆ ಆಯ್ತಮ್ಮ.’

‘ಅದೇನು ಪೀಡೆಯೋ,’ ಎಂದಳು ಅವಳು, ಸುಟ್ಟ ಮೊಣಕೈಗೆ ಉಗುಳು ಹಚ್ಚಿಕೊಳ್ಳುತ್ತಾ. ‘ಕಾಗದ ಕೇಳ್ತಾರೆ. ಕೊಟ್ರೆ ಫೋಟೋ ಅಂತಾರೆ. ಫೋಟೋ ಕೊಟ್ರೆ ಮತ್ತೆ ಕಾಗದದ ಹಾಗೆ ಮಾಡು ಅಂತಾರೆ. ಇವ್ರಿಗೆ ಬೇಕಾಗಿರೋದಾದ್ರೂ ಏನೇ?’

‘ಕಾಗದದ ಆತ್ಮ ಬೇಕಂತಮ್ಮ. ದೇಹ ಬೇಡವಂತೆ.’

ಮೂರು ವಾರ ಕಳೆಯಿತು. ಒಂದು ಮಧ್ಯಾಹ್ನ ಅವಳು ಮೊದಲನೇ ಮಹಡಿಯಲ್ಲಿ ಗುಮಾಸ್ತನ ಮೇಜಿನ ಕೆಳಗೆ ತೂರಿ ಚೆಲ್ಲಿದ ಕಾಫಿ ಒರೆಸುತ್ತಿದ್ದಳು. ಮೇಲೆ ಅವನ ದನಿ ಏರಿತು.

‘ಬನ್ರೋ, ಬನ್ರೋ! ಬಿಟ್ಟಿ ಪ್ರಾಣಿಸಂಗ್ರಹಾಲಯ!’

ಮೂರು ಜೊತೆ ಬೂಟು ಬಂದು ಅವಳ ಮುಖದ ಎದುರು ನಿಂತವು.

‘ಇದೇನು ಹೇಳಿ ನೋಡೋಣ?’

‘ಹಲ್ಲಿ.’

‘ಅಲ್ಲ.’

‘ಆಮೆ ತಲೆ?’

‘ಹೆಬ್ಬೆರಳು ಕಣ್ರೀ! ದೊಡ್ಡದು ಮಾಡಿ ತೋರಿಸ್ತೀನಿ, ಇರಿ. ನೋಡಿ ಆ ಬಿರುಕು. ಬೆರಳೋ, ಬರಗಾಲದ ಕೆರೆಯೋ? ಹೆಬ್ಬೆಟ್ಟು ಒತ್ತು ಅಂದ್ರೆ ಹೆಬ್ಬೆಟ್ಟನ್ನೇ ಪಾರ್ಸಲ್ ಮಾಡೋ ಜನ ಇವ್ರು!’ ಆಮೇಲೆ ಮೂಗಿನಲ್ಲಿ ದನಿ ತೆಗೆದು, ಕೌಂಟರಿಗೆ ಬರುವ ಬಡ ಹೆಂಗಸರ ಹಾಗೆ ಎಳೆದೆಳೆದು ಹೇಳಿದ: ‘ಸ್ವಾಮೀ... ಬೆರಳು ಕಳ್ಸಿದೀನಿ... ಕೆಲಸ ಕೊಡೀ...’

ಬೂಟುಗಳು ನಕ್ಕವು. ಅವಳು ಕೈಯಲ್ಲಿದ್ದ ಒದ್ದೆ ಬಟ್ಟೆಯೊಳಗಿನಿಂದ ತನ್ನ ಹೆಬ್ಬೆರಳು ಹೊರತೆಗೆದು ನೋಡಿದಳು. ಕಕ್ಕಸಿನ ಆಸಿಡ್ಡಿಗೆ ಸೀಳಿದ ಬೆರಳು. ಈ ಕಟ್ಟಡದ ಹನ್ನೊಂದು ಕಕ್ಕಸು ಅದರೊಳಗಿತ್ತು. ಅದು ನನ್ನದು ಎಂದು ಎದ್ದು ನಿಂತು ಹೇಳಬಹುದಿತ್ತು. ಹೇಳಿದರೆ ಗುತ್ತಿಗೆಯವನಿಗೆ ಒಂದು ಫೋನು ಹೋಗುತ್ತಿತ್ತು. ನಾಳೆ ಬೇರೆ ಯಾರೋ ಮೇಜಿನ ಕೆಳಗಿರುತ್ತಿದ್ದರು.

ಮೇಲೆ ಕೀಲಿಗಳು ಟಕಟಕ ಎಂದವು. ಅವನು ಬರೆಯುತ್ತಲೇ ಓದಿದ: ‘ಅನ್ಯ ವಸ್ತು ಕಾಣಿಸುತ್ತಿದೆ. ತಿರಸ್ಕರಿಸಲಾಗಿದೆ.’ ಆಮೇಲೆ ಕೆಳಗೆ ಬಗ್ಗಿದ. ‘ಏ ಫಿನಾಯಿಲಮ್ಮ, ಇನ್ನೂ ಇಲ್ಲೇ ಇದೀಯಾ? ಕಾಲಡಿನೂ ಒರೆಸು.’ ಎರಡೂ ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡ.

ಒರೆಸಿದಳು.

ಎರಡನೇ ಸಲ ಬೆರಳಿನ ಬದಲು ಮೂಲೆಗೆ ನಾಲ್ಕು ಕಲ್ಲಿಟ್ಟರು. ಅನ್ಯ ವಸ್ತು. ಮೂರನೇ ಸಲ ರಟ್ಟನ್ನು ಗೋಡೆಗೆ ಅಂಟಿಸಿದರು. ಗಾತ್ರ ಹೆಚ್ಚಾಗಿದೆ. ನಾಲ್ಕನೇ ಸಲ ಗಾತ್ರ ಇಳಿಸಿದರು. ಅಸ್ಪಷ್ಟವಾಗಿದೆ. ಮೊದಲ ಉತ್ತರಕ್ಕೆ ಮೂರು ವಾರ, ಆಮೇಲಿನ ಒಂದೊಂದಕ್ಕೂ ಎರಡೆರಡು ತಿಂಗಳು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಹೀಗೆ ವರ್ಷ ಸವೆಯುತ್ತ ಬಂತು.

ಐದನೇ ಸಲ ಜೆರಾಕ್ಸ್ ಅಂಗಡಿಗೆ ಹೋದಳು. ಅಂಗಡಿಯವನು ಒಳ್ಳೆಯವನು, ಆದರೆ ಅವಸರದವನು. ಒಂದು ಕಿವಿಗೆ ಫೋನು ಒತ್ತಿಕೊಂಡೇ ಮಗಳು ಕಳಿಸಿದ ಫೋಟೋ ತೆರೆದ.

‘ಅಯ್ಯೋ ಅಕ್ಕ, ಇದಕ್ಯಾಕೆ ಇಷ್ಟು ಪಾಡು? ಬಣ್ಣ ಇಟ್ಕೊಂಡ್ರೆ ತೂಕ ಏರತ್ತೆ. ಕಪ್ಪು-ಬಿಳುಪು ಮಾಡ್ಬೇಕು. ಇಲ್ನೋಡಿ, ಈ ಗುಂಡಿ ಒತ್ತಿದ್ರೆ ಕೊಳೆಯೆಲ್ಲ ಹೋಗತ್ತೆ.’

ಗುಂಡಿ ಅಂದ ಕೂಡಲೇ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅವನು ಒತ್ತಿದ.

‘ಹದಿನಾಲ್ಕೇ ಕೆಬಿ! ಹೂವಿನಷ್ಟು ಹಗುರ! ಕಳಿಸಿಬಿಟ್ಟೆ ಅಕ್ಕ, ನಿಶ್ಚಿಂತೆಯಾಗಿರಿ.’

ತೆರೆ ಅವನ ಕಡೆಗಿತ್ತು. ಅವಳು ನೋಡಲಿಲ್ಲ. ಅವನು ನೋಡಿಯೂ ನೋಡಲಿಲ್ಲ.

ಉತ್ತರ ಬಂದಾಗ ಕೊನೆಯ ದಿನಕ್ಕೆ ಎರಡೇ ದಿನವಿತ್ತು. ಮಗಳು ಓದಿದಳು: ‘ಖಾಲಿ ಪುಟ ಲಗತ್ತಿಸಲಾಗಿದೆ. ತಿರಸ್ಕರಿಸಲಾಗಿದೆ.’ ಅಮ್ಮನನ್ನು ನಗಿಸಬೇಕೆಂದು ಅಪ್‌ಲೋಡಪ್ಪನ ದನಿ ಮಾಡಿ ಇನ್ನೊಮ್ಮೆ ಓದಿದಳು. ಅರ್ಧಕ್ಕೇ ಬಿಟ್ಟು ಚಪ್ಪಲಿ ಮೆಟ್ಟಿದಳು.

ಅಂಗಡಿಗೆ ಓಡಿದರು. ಅವನು ಕಳಿಸಿದ್ದನ್ನು ತೆರೆದು ನೋಡಿ ಫೋನು ಕಿವಿಯಿಂದ ಇಳಿಸಿದ. ತೆರೆಯ ತುಂಬ ಬಿಳಿ. ಅಲ್ಲಲ್ಲಿ ಸಾಸಿವೆ ಚೆಲ್ಲಿದ ಹಾಗೆ ನಾಲ್ಕಾರು ಕಪ್ಪು ಚುಕ್ಕಿ. ಕಲೆ ಇಲ್ಲ. ಗೀಚಿಲ್ಲ. ಸಹಿಯಿಲ್ಲ.

‘ತಪ್ಪಾಯ್ತು ಅಕ್ಕ. ಇದಕ್ಕೆ ಕೊಳೆ ಯಾವುದು, ಅಕ್ಷರ ಯಾವುದು ಗೊತ್ತಾಗಲ್ಲ. ಎರಡನ್ನೂ ತೆಗೆದುಹಾಕಿದೆ.’

ಅವಳು ಆ ಬಿಳಿಯನ್ನೇ ನೋಡುತ್ತ ನಿಂತಳು. ಎಷ್ಟು ಶುಭ್ರ. ಮೇಸ್ತ್ರಿಯ ರಬ್ಬರಿಗೂ ಇಷ್ಟು ಚೆನ್ನಾಗಿ ಉಜ್ಜಲು ಬರುತ್ತಿರಲಿಲ್ಲ. ಜೀವಮಾನವೆಲ್ಲ ಕೊಳೆ ತೆಗೆದವಳು ಅವಳು. ಕೊಳೆ ತೆಗೆದರೆ ಜೊತೆಗೆ ಗಂಡನೂ ಹೋಗುತ್ತಾನೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅಂಗಡಿಯವನು ಬಾಗಿಲು ಅರ್ಧ ಎಳೆದು ಸಂಜೆತನಕ ಪ್ರಯತ್ನಪಟ್ಟ. ಬಣ್ಣ ಉಳಿಸಿದರೆ ಮುನ್ನೂರು ಕೆಬಿ. ಇನ್ನೂರಕ್ಕೆ ಇಳಿಸಿದರೆ ಅಕ್ಷರ ಕಲಸಿದ ಬೂದಿ. ಅಷ್ಟರಲ್ಲಿ ಮಗಳು ಫೋನಿನಲ್ಲಿ ನಿಯಮಗಳ ಪಟ್ಟಿಯ ತಳಕ್ಕೆ ಹೋಗಿ ಮುಟ್ಟಿದ್ದಳು.

‘ಅಮ್ಮಾ, ಇಲ್ಲಿದೆ! ಮೂವತ್ತೊಂದನೇ ನಿಯಮ. ಛಾಯಾಚಿತ್ರ ಸ್ಪಷ್ಟ ಬರದೇ ಇದ್ರೆ ಮೂಲ ದಾಖಲೆ ತಗೊಂಡು ಕಚೇರಿ ಕೌಂಟರಲ್ಲಿ ಸ್ಕ್ಯಾನ್ ಮಾಡಿಸಬಹುದಂತೆ. ಬಣ್ಣದಲ್ಲೇ. ಗಾತ್ರದ ಮಿತಿ ಇಲ್ವಂತೆ!’

‘ಯಾವ ಕಚೇರಿ?’

‘ನಿನ್ನ ಕಚೇರಿನೇ ಅಮ್ಮ. ನೀನು ದಿನಾ ಗಾಜು ಒರೆಸ್ತೀಯಲ್ಲ, ಅದೇ ಸ್ಕ್ಯಾನರು.’

ಕೊನೆಯ ದಿನ. ಬೆಳಗ್ಗೆ ಆರಕ್ಕೆ ಬಂದು ಎಲ್ಲ ಕೆಲಸ ಮುಗಿಸಿದಳು. ಗಾಜನ್ನು ಎರಡು ಸಲ ಒರೆಸಿದಳು. ಊಟದ ಹೊತ್ತು ದಾಟಿದ ಮೇಲೆ ಕೆಲಸದ ನೀಲಿ ಕೋಟು ಹಾಕಿಕೊಂಡೇ, ಸೀಸೆ, ಬಟ್ಟೆ ಕೋಟಿನ ಜೇಬಲ್ಲಿಟ್ಟುಕೊಂಡೇ ಕ್ಯೂನಲ್ಲಿ ನಿಂತಳು. ಎಲ್ಲರಿಗೂ ಅವತ್ತೇ ಕೊನೆಯ ದಿನ. ಐದಕ್ಕೆ ಕೌಂಟರು ಬಂದ್. ಅವಳ ಸರದಿ ಬಂದಾಗ ನಾಲ್ಕೂ ಕಾಲು. ಹಿಂದೆ ಇನ್ನೂ ನಲವತ್ತು ಜನ.

‘ಏ, ಕ್ಯೂ ಮಧ್ಯದಲ್ಲಿ ಏನು ಒರೆಸ್ತಿದೀಯಾ?’ ಎಂದ ಗುಮಾಸ್ತ.

‘ಒರೆಸ್ತಿಲ್ಲ ಸಾರ್. ನಿಂತಿದೀನಿ.’

ಅರ್ಜಿಯ ಸಂಖ್ಯೆ ಕೊಟ್ಟಳು. ಅವನು ಒತ್ತಿದ. ತೆರೆ ನೋಡಿದ. ಅವಳ ಮುಖ ನೋಡಿದ. ಕೈ ನೋಡಿದ.

‘ಓಹೋ! ಹೆಬ್ಬೆರಳಿನ ಮಹಾರಾಣಿ ನೀನೇನಾ? ಮೊದಲೇ ಹೇಳ್ಬಾರ್ದಾ?’

‘ಇದನ್ನ ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡಿ ಸಾರ್. ಮೂವತ್ತೊಂದನೇ ನಿಯಮ.’

ಅವನು ನಗುತ್ತಲೇ ಕೈ ಚಾಚಿದ. ರಟ್ಟಿನ ಅಂಚಿಗೆ ಬೆರಳು ಇನ್ನೇನು ತಾಗಬೇಕು, ನಿಂತ.

‘ಇದು ಎಲ್ಲಿ ಸಿಕ್ಕಿದ್ದು?’

‘ಅವ್ರ ಜೇಬಲ್ಲಿ.’

‘ಅವನು ಅದ್ರೊಳಗೆ ಇದ್ದಾಗ?’

‘ಹೂಂ.’

ಕೈ ಹಿಂದೆ ಹೋಯಿತು. ಮುಟ್ಟದ ಕೈಗೆ ಮೇಜಿನ ಮೇಲಿದ್ದ ಸೀಸೆಯಿಂದ ಔಷಧಿ ಹಾಕಿ ಉಜ್ಜಿಕೊಂಡ.

‘ಇದನ್ನ ಇಡಕ್ಕಾಗಲ್ಲ.’

‘ಯಾಕೆ ಸಾರ್?’

‘ಯಾಕೆ ಅಂದ್ರೆ? ಎಲ್ಲರ ಕಾಗದ ಇಡೋ ಜಾಗ ಇದು. ಮಾರ್ಕ್ಸ್ ಕಾರ್ಡು, ಮನೆ ಪತ್ರ ಇಡ್ತಾರೆ. ಇದ್ರ ಮೇಲೆ ಅದನ್ನ ಇಡ್ಲಾ?’

‘ಒಣಗಿ ವರ್ಷ ಆಯ್ತು ಸಾರ್.’

‘ಒಣಗಿದ್ರೂ ಅದು ಅದೇ ತಾನೆ? ಫೋಟೋ ತೆಗ್ದು ಪಿಡಿಎಫ್ ಮಾಡಿ ಹಾಕು.’

‘ಹಾಕಿದೆ. ಖಾಲಿ ಪುಟ ಅಂದ್ರಿ.’

‘ಖಾಲಿ ಇತ್ತು. ಖಾಲಿ ಅಂದೆ.’

‘ಇದು ಖಾಲಿ ಇಲ್ವಲ್ಲ. ನೋಡಿ.’

‘ನೋಡ್ದೆ. ಇಲ್ಲಿಂದಲೇ ನೋಡ್ದೆ. ಮುಂದಿನವ್ರು ಬನ್ನಿ!’

ಆ ಗಾಜನ್ನು ಬೆಳಗ್ಗೆ ಒರೆಸಿದ್ದು ಅವಳ ಕೈ. ಆರು ವರ್ಷ ಒರೆಸಿದ್ದೂ ಅದೇ ಕೈ. ಅವನ ಬಾಯೊಳಗಿಂದ ಊರಿನ ಹೊಲಸು ತೆಗೆದ ಕೈ ಮರುವಾರವೇ ಬಂದು ಅದೇ ಗಾಜನ್ನು ಉಜ್ಜಿತ್ತು. ಅಂದು ಗಾಜಿಗೆ ಏನೂ ಆಗಿರಲಿಲ್ಲ. ಗಾಜಿಗೂ ಮೈಲಿಗೆ ಆಗುತ್ತದೆ ಎಂದು ಅವಳಿಗೆ ಇವತ್ತು ಗೊತ್ತಾಯಿತು.

ಕೌಂಟರಿನ ಪಕ್ಕದ ಮಡಚುಹಲಗೆ ಎತ್ತಿ ಒಳಗೆ ಹೋದಳು. ದಿನಾ ಹೋಗುವ ಹಾಗೆಯೇ ಹೋದಳು.

‘ಏ! ಏ, ಎಲ್ಲಿಗೆ?’

ಸ್ಕ್ಯಾನರಿನ ಮುಚ್ಚಳ ತೆರೆದಳು.

‘ಮುಟ್ಟಿದ್ರೆ ನೋಡು! ನಾಳೆಯಿಂದ ಬರಬೇಡ!’

ರಟ್ಟನ್ನು ಬೋರಲು ಹಾಕಿದಳು. ಮುಚ್ಚಳ ಮುಚ್ಚಿ ಅಂಗೈಯಿಂದ ಒತ್ತಿದಳು. ಒಳಗೆ ರಟ್ಟು ಲಟಕ್ ಎಂದಿತು. ಹಸಿರು ಬಟನ್ನು ಒತ್ತಿದಳು. ಸಾವಿರ ಸಲ ಅವನು ಒತ್ತುವುದನ್ನು ನೋಡಿದ್ದಳು. ಬಿಳಿ ಬೆಳಕು ಮುಚ್ಚಳದ ಸಂದಿಯಲ್ಲಿ ಈ ತುದಿಯಿಂದ ಆ ತುದಿಗೆ ಹೋಯಿತು.

ಕೌಂಟರಿನ ಮೇಲೆ ಜನರ ಕಡೆಗೆ ತಿರುಗಿಸಿದ ಇನ್ನೊಂದು ತೆರೆ ಇತ್ತು. ಕಾಗದ ಸರಿಯಾಗಿ ಬಂದಿದೆಯೇ ಎಂದು ಅರ್ಜಿದಾರರು ನೋಡಿಕೊಳ್ಳಲು. ಅದರಲ್ಲಿ ರಟ್ಟು ಮೂಡಿತು, ತೆರೆ ತುಂಬುವಷ್ಟು ದೊಡ್ಡದಾಗಿ. ಆ ಬೆಳಕಿಗೆ ಕಲೆ ತೆಳುವಾಗಿ ಪೆನ್ಸಿಲು ಮಿನುಗಿತ್ತು. ಅಡಿಯಲ್ಲಿ ಉಜ್ಜಿಹಾಕಿದ ಹಳೆಯ ದಿನಗಳೆಲ್ಲ ಎದ್ದು ಬಂದಿದ್ದವು. ಬೀದಿಯ ಮೇಲೆ ಬೀದಿ, ಗುಂಡಿಯ ಮೇಲೆ ಗುಂಡಿ, ಇಳಿ ಎಂಬುದರ ಮೇಲೆ ಇಳಿ.

ಕ್ಯೂನ ಮುಂಭಾಗದಲ್ಲಿದ್ದ ಕನ್ನಡಕದ ಮುದುಕನಿಗೆ ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುವ ಚಟ. ಓದಿದ. ‘ಶಾಲೆ ಹಿಂದಿನ ಗುಂಡಿ. ಹನ್ನೊಂದರೊಳಗೆ. ಮಷಿನ್ ಬರಲ್ಲ. ಇಳಿದು ತೆಗಿ.’ ಕನ್ನಡಕ ಸರಿಮಾಡಿಕೊಂಡ. ‘ಇಳಿಯಲ್ಲ ಅಂದ್ರೆ... ನಾಳೆಯಿಂದ ಬರಬೇಡ.’

ಇದೇ ಮಾತು ಈಗಷ್ಟೇ ಇನ್ನೊಂದು ಬಾಯಿಂದ ಎಲ್ಲರೂ ಕೇಳಿದ್ದರು.

ಹಾಗಾದರೆ ಅವನು ಇಲ್ಲ ಅಂದಿದ್ದ. ಅನ್ನದೇ ಇದ್ದರೆ ಮೇಸ್ತ್ರಿ ಆ ಸಾಲು ಯಾಕೆ ಬರೆಯುತ್ತಿದ್ದ? ಇವಳ ಮಾತು ಕೇಳಿ, ಬಾಯಿ ಬಿಟ್ಟು ಇಲ್ಲ ಅಂದಿದ್ದ. ಒಂದು ವರ್ಷ ಅವಳು ಬೈದದ್ದೆಲ್ಲ ಇರದೇ ಇದ್ದ ಮನುಷ್ಯನನ್ನು. ಮುಚ್ಚಳ ಹಿಡಿದುಕೊಂಡು ನಿಂತಳು.

ಗುಮಾಸ್ತ ಕೆಮ್ಮಿ ರದ್ದು ಒತ್ತಿದ. ತೆರೆ ಬಿಳಿಯಾಯಿತು.

ಅವಳು ಹಸಿರು ಬಟನ್ನು ಒತ್ತಿದಳು. ರಟ್ಟು ಮತ್ತೆ ಬಂತು.

ಅವನು ರದ್ದು. ಇವಳು ಹಸಿರು. ರದ್ದು. ಹಸಿರು.

‘ಕೈ ತೆಗಿ!’

‘ಇದನ್ನ ನನ್ನ ಅರ್ಜಿಗೆ ಸೇರಿಸು.’ ಸಾರ್ ಎಂಬುದು ಬಾಯಿಂದ ಎಲ್ಲೋ ಬಿದ್ದುಹೋಗಿತ್ತು. ‘ಸೇರಿಸೋ ತನಕ ಕೈ ತೆಗಿಯಲ್ಲ.’

ಮುಚ್ಚಳದ ಮೇಲೆ ಎರಡೂ ಮುಂಗೈ ಹಾಕಿ ಇಡೀ ಮೈ ಭಾರ ಬಿಟ್ಟಳು. ಕ್ಯೂ ಎಚ್ಚರಗೊಂಡಿತು. ಅವಳ ಪರವಾಗಿ ಅಲ್ಲ.

‘ಏ ತಾಯೀ, ನಿಂದೊಬ್ಬಳದೇ ಅಲ್ಲ, ನಮ್ದೂ ಇವತ್ತೇ ಕೊನೆ!’

‘ಸತ್ತೋರಿಗೆ ಏನವಸರ? ಬದುಕಿರೋರ ಕೆಲಸ ಆಗ್ಲಿ ಬಿಡಮ್ಮ!’

‘ಎಳೆದು ಹಾಕ್ರೀ ಆಚೆ!’

ಇಸ್ತ್ರಿ ಅಂಗಿಯವನೊಬ್ಬ ಒಳಗೆ ನುಗ್ಗಿ ಅವಳ ಭುಜಕ್ಕೆ ಕೈ ಹಾಕಿದ. ಜಗ್ಗಿದ. ಕೋಟಿನ ಹೊಲಿಗೆ ಪರಕ್ ಎಂದಿತು. ಅವಳು ಅಲುಗಲಿಲ್ಲ. ನಾಲ್ಕು ಮಹಡಿ ನೀರು ಹೊತ್ತ ಮೈ ಅದು. ಅವನು ಕೈ ಬಿಟ್ಟು, ಕೈಯನ್ನು ಮೂಸಿ ನೋಡಿ, ಪ್ಯಾಂಟಿಗೆ ಒರೆಸಿಕೊಂಡ. ಗಡಿಯಾರದಲ್ಲಿ ನಾಲ್ಕು ನಲವತ್ತು.

ಆಗ ಕ್ಯೂಗೆ ಬುದ್ಧಿ ಬಂತು. ಕರುಣೆಯಲ್ಲ, ಲೆಕ್ಕಾಚಾರ.

‘ಅವಳದ್ದು ಅಪ್‌ಲೋಡ್ ಮಾಡಿ ಬಿಸಾಕಿ ಸ್ವಾಮಿ, ಅತ್ಲಾಗೆ!’

‘ನಿಮ್ಮಪ್ಪನ ಮನೆ ಗಂಟೇನು ಹೋಗತ್ತೆ? ಒತ್ರೀ!’

ಕಿಟಕಿಯ ಗಾಜಿಗೆ ಗುದ್ದು ಬಿತ್ತು. ಗುಮಾಸ್ತ ಒಳಕೋಣೆಯ ಕಡೆ ನೋಡಿದ. ಬಾಗಿಲು ಮುಚ್ಚಿತ್ತು. ಸಾಹೇಬರು ಗದ್ದಲ ಕೇಳಿಯೇ ಮುಚ್ಚಿಕೊಂಡಿದ್ದರು. ಅವನು ಹಲ್ಲು ಕಚ್ಚಿ ಒತ್ತಿದ. ಯಂತ್ರ ಕಿರ್ರೆಂದು ಒಂದು ರಶೀದಿ ಉಗುಳಿತು. ಏಳು ದಾಖಲೆ ಸ್ವೀಕರಿಸಲಾಗಿದೆ. ನಿರ್ಧಾರಕ್ಕೆ ನೂರಿಪ್ಪತ್ತು ದಿನ ಕಾಯತಕ್ಕದ್ದು.

ಅವಳು ‘ಏಳು’ ಎಂಬ ಅಂಕಿಯ ಮೇಲೆ ಬೆರಳಿಟ್ಟು ಎರಡು ಸಲ ನೋಡಿದಳು. ಮುಚ್ಚಳ ತೆರೆದು ರಟ್ಟು ಎತ್ತಿಕೊಂಡಳು. ಗಾಜಿನ ಮೇಲೆ ಅಂಗೈಯಷ್ಟಗಲ ಕಂದು ಪುಡಿ ಉಳಿದಿತ್ತು.

ಇಸ್ತ್ರಿ ಅಂಗಿಯವನ ಸರದಿ ಬಂತು. ಅವನು ಹೊಳೆಯುವ ಹಾಳೆಯೊಂದನ್ನು ಎದೆಗವಚಿಕೊಂಡು ಗಾಜನ್ನು ನೋಡಿದ.

‘ನನ್ ಮಗನ ಸರ್ಟಿಫಿಕೇಟು ಇದ್ರ ಮೇಲೆ ಇಡ್ತೀರಾ?’

‘ಏ ಫಿನಾಯಿಲಮ್ಮ, ಒರೆಸು,’ ಎಂದ ಗುಮಾಸ್ತ.

ಅವಳು ರಟ್ಟನ್ನು ರಶೀದಿಯಲ್ಲಿ ಸುತ್ತಿದಳು.

‘ಕೇಳಿಸ್ಲಿಲ್ವಾ? ಬೇಗ ಒರೆಸು, ಹೊತ್ತಾಯ್ತು.’

‘ಒರೆಸಮ್ಮಾ, ತಾಯೀ,’ ಎಂದಿತು ಕ್ಯೂ. ‘ನಿನ್ ಕೆಲಸ ಆಯ್ತಲ್ಲ, ಒಂದ್ ಸಲ ಕೈ ಆಡಿಸಿ ಹೋಗು.’

ಅವಳು ಕೋಟಿನ ಜೇಬಿನಿಂದ ಸೀಸೆ ತೆಗೆದು ಕೌಂಟರಿನ ಮೇಲಿಟ್ಟಳು. ಬಟ್ಟೆ ತೆಗೆದು ಅದರ ಪಕ್ಕ ಇಟ್ಟಳು. ಕೋಟು ಬಿಚ್ಚಿದಳು. ಹರಿದ ತೋಳನ್ನು ಒಳಗೆ ಮಾಡಿ ಮಡಚಿ ಕುರ್ಚಿಗೆ ಹಾಕಿದಳು.

‘ನಾಳೆಯಿಂದ ಬರಬೇಡ ಅಂದ್ಯಲ್ಲ,’ ಎಂದಳು. ‘ನಾಳೆ ತನಕ ಯಾಕೆ ಕಾಯ್ಲಿ?’

‘ಏ, ಅದು ಸಿಟ್ಟಲ್ಲಿ ಅಂದಿದ್ದು ಕಣಮ್ಮ... ಈಗ ಇದನ್ನೊಂದು...’

‘ನಿಂಗೂ ಎರಡು ಕೈ ಇದೆ.’

ಹಲಗೆ ಎತ್ತಿ ಹೊರಗೆ ಬಂದಳು. ಕ್ಯೂ ಬಿರಿದು ದಾರಿ ಬಿಟ್ಟಿತು, ಗೌರವಕ್ಕಲ್ಲ, ತಾಗೀತು ಎಂದು. ಅವಳು ಮೆಟ್ಟಿಲಿಳಿದು ಹೋದ ಸದ್ದು ಕೊನೆಯತನಕ ಕೇಳಿಸಿತು.

ಗುಮಾಸ್ತ ಬಟ್ಟೆಯನ್ನು ನೋಡಿದ. ಆಮೇಲೆ ಇಸ್ತ್ರಿ ಅಂಗಿಯವನನ್ನು ನೋಡಿದ. ಇಸ್ತ್ರಿ ಅಂಗಿಯವನು ಹಿಂದಿನವನನ್ನು ನೋಡಿದ. ಹಿಂದಿನವನು ಕನ್ನಡಕದ ಮುದುಕನನ್ನು. ಮುದುಕ ಗಡಿಯಾರವನ್ನು ಗಟ್ಟಿಯಾಗಿ ಓದಿದ.

ಐದಕ್ಕೆ ಹನ್ನೆರಡು ನಿಮಿಷವಿತ್ತು. ನಲವತ್ತು ಜನರಿದ್ದರು. ಎಂಬತ್ತು ಕೈಗಳಿದ್ದವು. ಬಟ್ಟೆ ಅಲ್ಲೇ ಬಿದ್ದಿತ್ತು.